ಇವೆಲ್ಲಾ ನಿನ್ನ ತಲಿಗೆ ಎಲ್ಲಿಂದ ಬರತಾವ ಅಂತ ಕೇಳಾವ್ರಿಗೆ

ಮದವಿ ಮನ್ಯಾಗ ಕೇಳ್ಯಾರ, ಬಸ್ ಸ್ಟ್ಯಾಂಡಿನ್ಯಾಗ ಕೇಳ್ಯಾರ, ನಾ ಕೆಲಸ ಮಾಡೂ ಪತ್ತಿನ ಸಂಘದ ಕೌಂಟರಿಗೆ ಬಂದು ಪಿಗ್ಮಿ ರೊಕ್ಕ ಎಣಿಸ್ಕೋತ ಕೇಳ್ಯಾರ. "ಅಲ್ಲವಾ, ನೀ ಬರಿಯೂ ಆ ಮಾಟ-ಮಂತ್ರದ ಊರಿನ ಕಥಿ, ಅವೆಲ್ಲಾ ನಿನ್ನ ತಲಿಗೆ ಎಲ್ಲಿಂದ ಬರತಾವ?" ಇದರ ಬೆನ್ನಿಗೇ ಇನ್ನೊಂದು ಇರತೈತಿ, "ಮತ್ತ ಎರಡನೇ ಭಾಗ ಯಾವಾಗ? ಮೂರ ವರ್ಷ ಆತು, ಇನ್ನೂ ತಿದ್ದಾಕತ್ತಿಯೇನ?" ಇಷ್ಟ ದಿನ ನಕ್ಕು, ಬರತೈತ್ರಿ ಬರತೈತಿ ಅಂತ ಹೇಳಿ ಸಾಗ ಹಾಕೀನಿ. ಈಗ ಸಾಕಾಗೈತಿ. ಒಮ್ಮೆ ಪೂರ್ತಿ ಬರದ ಬಿಡ್ತೀನಿ, ಇನ್ನ ಮ್ಯಾಲ ಕೇಳಿದಾವ್ರಿಗೆ ಇದನ್ನ ವಾಟ್ಸಾಪ್ ಮಾಡ್ತೀನಿ, ಓದ್ರಿ, ಓದಾಕ ಟೈಮ್ ಇಲ್ಲಂದ್ರ ಕೇಳಾಕೂ ಹೋಗಬ್ಯಾಡ್ರಿ.

ಗೊತ್ತಿಲ್ಲದಾವ್ರಿಗೆ ಹೇಳ್ತೀನಿ. ನಾ ಬಾಗಲಕೋಟಿ ನವನಗರದಾಕಿ, ಹಳೇ ಊರ ಮುಳುಗಿದ ಮಂದಿಗೆ ಕಟ್ಟಿದ ಊರ ಇದು. ಐದ ಭಾಗದ ಒಂದ ಫ್ಯಾಂಟಸಿ ಕಾದಂಬರಿ ಬರ್ಯಾಕತ್ತೀನಿ. ಹೊಳಿ ತಳಕ್ಕ ಅಡಿಯೂರು ಅಂತ ಒಂದ ಊರ ಐತಿ, ಅಲ್ಲಿ ಮಂದಿ ಇನ್ನೂ ಬದುಕ್ಯಾರ, ಸಂತಿ ಕೂಡತೈತಿ, ಮದವಿ ಆಗ್ತಾವ, ಮ್ಯಾಲಿನವ್ರಿಗೆ ಮಾತ್ರ ಕಾಣಂಗಿಲ್ಲ. ಒಂದನೇ ಭಾಗ ಅಚ್ಚಾಗೈತಿ. ಎರಡನೇದನ್ನ ಈಗ ನಾಕನೇ ಸಲ ತಿದ್ದಾಕತ್ತೀನಿ.

ಹೋದ ವರ್ಷ ನಮ್ಮ ಬೀಗರ ಮನಿ ಮದವ್ಯಾಗ ಏನಾತಂದ್ರ, ಮಾದಲಿ ಮ್ಯಾಲ ಹಾಲು ತುಪ್ಪ ಹಾಕಿಸ್ಕೊಂಡು ಮೊದಲನೇ ತುತ್ತ ಬಾಯಾಗ ಇಟ್ಟೀನಿ, ಬಾಜೂಕ ಕುಂತಿದ್ದ ನಮ್ಮ ಸೋದರಮಾವ ಇಡೀ ಪಂಕ್ತಿಗೆ ಕೇಳಿಸೂವಂಗ, "ಏನವಾ, ಆ ನೀರಾಗಿನ ಊರನ್ನ ಯಾವ ಇಂಗ್ಲಿಷ್ ಪಿಚ್ಚರದಾಗಿಂದ ತಗದಿ?" ಅಂದ. ಎಲ್ಲಾರೂ ನಕ್ರು. ನಾನೂ ನಕ್ಕೆ, ಬಾಯಾಗ ಮಾದಲಿ ಇತ್ತು, ಏನ ಮಾಡ್ಲಿ. ಆದ್ರ ಆ 'ತಗದಿ' ಅನ್ನೂ ಮಾತೈತೆಲ್ಲಾ, ಅದು ಮನಿಗೆ ಬಂದ ಮ್ಯಾಲೂ ಹೋಗ್ಲಿಲ್ಲ, ರಾತ್ರಿ ಪೂರ್ತಿ ನೆತ್ತಿ ಮ್ಯಾಲ ಕುಂತಿತ್ತು. ಯಾಕಂದ್ರ ಅದನ್ನ ಕೇಳಿದಾವ ಬ್ಯಾರೆ ಯಾರರೆ ಆಗಿದ್ರ ನಡೀತಿತ್ತು, ನಮ್ಮ ಮಾವ ಕೇಳಬಾರದಿತ್ತು.

ಹಳೇ ಬಾಗಲಕೋಟಿಯ ತಗ್ಗಿನ ಓಣ್ಯಾಗ ನಮ್ಮ ಅವ್ವನ ತವರಮನಿ ಇತ್ತು. ಮಾಳಗಿ ಮನಿ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರ ಘಟಪ್ರಭಾ ಹೊಳಿ ಹಿಡದು ಮ್ಯಾಲ ಬರತೈತಿ ಅಂತ ಖಾತ್ರಿ ಆದ ಮ್ಯಾಲ ಓಣಿ ಮಂದಿ ತಮ್ಮ ತಮ್ಮ ಮನಿ ತಾವ ಬಿಚ್ಚಾಕ ಹತ್ತಿದ್ರು, ತೊಲಿ, ಜಂತಿ, ಬಾಗಲಾ, ಏನ ಒಯ್ಯಾಕ ಬರತೈತಿ ಎಲ್ಲಾ. ನಂಗ ಎಂಟ ವರ್ಷ. ಮಾವ ಹಾರಿ ಹಿಡದು ಹೊಸ್ತಿಲಾ ಕೀಳಾಕ ನಿಂತಾಗ ಅಜ್ಜಿ ತಡದು, ಅರಿಷಿಣ ಕುಂಕುಮ ಹಚ್ಚಿ, ಕೈ ಮುಗದು, ಆಮ್ಯಾಲ "ಹೂಂ, ಕೀಳಪಾ" ಅಂದ್ಲು. ಚೌಕಟ್ಟು ಹೊಸ್ತಿಲಾ ಎಲ್ಲಾ ಟ್ರ್ಯಾಕ್ಟರಿಗೆ ಹೇರಿ, ಜಾರಬಾರದಂತ ನನ್ನ ಅದರ ಮ್ಯಾಲ ಕುಂದ್ರಿಸಿದ್ರು. ಆ ಹೊಸ್ತಿಲದ ನಟ್ಟ ನಡುವ, ಎಷ್ಟ ತಲಿಮಾರಿನ ಕಾಲ ತುಳದಿದ್ವೋ, ಒಂದ ತಗ್ಗ ಬಿದ್ದಿತ್ತು, ಬಟ್ಟಲದಂಗ, ನುಣ್ಣಗ. ನವನಗರ ಬರೂತನಕ ನಾ ಅದರಾಗ ಅಂಗೈ ಇಟ್ಕೊಂಡ ಕುಂತಿದ್ದೆ. ಟ್ರ್ಯಾಕ್ಟರ್ ಹೊಡದಾವ ಮಾವ. ಹೊಸಾ ಮನಿ ಬಾಗಲಕ್ಕ ಆ ಚೌಕಟ್ಟ ಹೊಂದಲಿಲ್ಲ, ಹಿತ್ತಲದ ಗ್ವಾಡಿಗೆ ಆನಿಸಿ ಇಟ್ಟಾನ, ಇವತ್ತಿಗೂ ಅಲ್ಲೇ ಐತಿ, ಅದರ ಮ್ಯಾಲ ಅತ್ತಿ ಅರಿವಿ ಒಣಾ ಹಾಕ್ತಾಳ.

ಒಂದನೇ ಭಾಗ ಓದಿದಾವ್ರಿಗೆ ಗೊತ್ತೈತಿ, ಅಡಿಯೂರಿಗೆ ಇಳಿಬೇಕಂದ್ರ ನಿಮ್ಮ ಹಳೇ ಮನಿ ಹೊಸ್ತಿಲಾ ನಿಮ್ಮ ಹಂತೇಕ ಇರಬೇಕು. ಅದನ್ನ ನೀರಿನ ದಂಡಿಗೆ ಇಟ್ಟು ದಾಟಿದ್ರ ಆಚಿ ಕಡೆ ನಿಮ್ಮ ಓಣಿ. ಆದ್ರ ಪ್ರತಿ ಸಲ ದಾಟಿದಾಗೂ ಒಂದ ಹೆಸರು ಮರೀತೀರಿ, ಮೊದಲ ಓಣಿ ಹೆಸರು, ಆಮ್ಯಾಲ ನೆರಿಮನಿಯವ್ರದು, ಕಡೀಕ ನಿಮ್ಮ ಮನ್ಯಾಗಿನವ್ರದು. ಮಾವಾ, ಇದನ್ನ ನಾ ಯಾವ ಪಿಚ್ಚರದಾಗಿಂದೂ ತಗದಿಲ್ಲ, ನಿನ್ನ ಟ್ರ್ಯಾಕ್ಟರದಾಗಿಂದ ತಗದೀನಿ.

ಇನ್ನ ಕೆಲವರು ಸ್ವಲ್ಪ ಚಂದಾಗಿ ಕೇಳ್ತಾರ, ಇವೆಲ್ಲಾ ಹೆಂಗ ಹೊಳೀತಾವ್ರಿ ಅಂತ. ನಮಗ ಹೊಳ್ಯಾಕ ತಲಿನೇ ಬೇಕಾಗಿಲ್ಲರಿ, ನಮ್ಮ ಕಡೆ ಹೊಳಿ ಸೀದಾ ಮನಿಗೇ ಬಂದೈತಿ. ಕೂಡಲಸಂಗಮಕ್ಕ ಹೋಗಿ ನೋಡ್ರಿ. ಬಸವಣ್ಣನವರ ಐಕ್ಯ ಮಂಟಪ ಹಿನ್ನೀರಾಗ ಹೋಗಬಾರದಂತ ಸುತ್ತ ಬಾವಿಯಂಗ ದುಂಡಗ ಎತ್ತರದ ಗ್ವಾಡಿ ಕಟ್ಯಾರ, ಒಳಗ ಮೆಟ್ಲ ಇಳದ ಹೋಗಬೇಕು. ಹೊಳಿ ತುಂಬಿದಾಗ ಇಳೀರಿ, ಅರ್ಧಕ್ಕ ಹೋಗಿ ಗ್ವಾಡಿಗೆ ಕೈ ಹಚ್ಚಿ ನಿಂತ್ರ, ಗ್ವಾಡಿ ಆಚಿ ಕಡೆ ನೀರು ನಿಮ್ಮ ತಲಿಗಿಂತ ಮ್ಯಾಲ ಇರತೈತಿ, ಕೆಳಗ ಯಾರೋ ಕಣ್ಣ ಮುಚ್ಚಿ ಕೈ ಮುಗದಿರ್ತಾರ. ಅಡಿಯೂರಿನ ಪೇಟಿ ಬಾಗಲಾ ನಾ ಅಲ್ಲಿ ನಿಂತಾಗ ಕಂಡಿದ್ದು. ಅದಕ್ಕೂ ಹಿಂದ ಹೋದ್ರ, ಇದೇ ಘಟಪ್ರಭಾ ದಂಡಿ ಮ್ಯಾಲ ಮುಧೋಳದ ಬಳೆಗಾರರ ಮನ್ಯಾಗ ಹುಟ್ಟಿದ ಕವಿ ರನ್ನ, ಸಾವಿರ ವರ್ಷದ ಹಿಂದ, ತನ್ನ 'ಗದಾಯುದ್ಧ'ದಾಗ ದುರ್ಯೋಧನನ್ನ ವೈಶಂಪಾಯನ ಸರೋವರದ ತಳಕ್ಕ ಕುಂದ್ರಿಸಿ, ಮ್ಯಾಲ ಭೀಮ ಗರ್ಜಿಸಿದ್ರ ಆ ನೀರಾಗೂ ಅವನಿಗೆ ಬೆವರ ಬರಿಸ್ಯಾನ. ನೀರಾಗ ಬೆವರು! ಅದನ್ನ ಹೈಸ್ಕೂಲಿನ್ಯಾಗ ಮೊದಲನೇ ಸಲ ಕೇಳಿದ ದಿನ ನಂಗ ಊಟ ಸೇರ್ಲಿಲ್ಲ. ನೀರಿನ ತಳಕ್ಕ ಮನಶಾ ಬದುಕಿರೂದು ನಮ್ಮ ಸೀಮಿಗೆ ಹೊಸಾದಲ್ಲ, ಇಂಗ್ಲಿಷ್ ಪಿಚ್ಚರಿಗೆ ಹೋಗೂ ಗರಜೇ ಇಲ್ಲ.

ಕಥ್ಯಾಗಿನ ಮಂತ್ರ ಎಲ್ಲಿಂದ ಬಂತು ಅಂತೂ ಹೇಳಿ ಬಿಡ್ತೀನಿ. ಅಂಕಿಯಿಂದ. ಆಲಮಟ್ಟಿಯೊಳಗ 519.6 ಮೀಟರ್ ತನಕ ನೀರ ನಿಲ್ಲಿಸಬಹುದು ಅಂತ 2000ದಾಗ ಸುಪ್ರೀಂ ಕೋರ್ಟ್ ಹೇಳಿತು, 2010ರಾಗ ಕೃಷ್ಣಾ ನೀರಿನ ನ್ಯಾಯಾಧಿಕರಣ 524.256 ತನಕ ಒಪ್ಪಿತು, ಅದರ ಮ್ಯಾಲ ರಾಜ್ಯ ರಾಜ್ಯದ ಜಗಳ ಇನ್ನೂ ನಡದೈತಿ. ಈ ಎರಡ ಅಂಕಿ ನಡುವಿನ ನಾಕೂವರಿ ಮೀಟರ ಚಿಲ್ರೆ ಎತ್ತರದಾಗ ಮನಿ ಅದಾವ, ಕಬ್ಬ ನಿಂತೈತಿ, ದನ ಕಟ್ಯಾರ, ಹುಡುಗೂರು ಸಾಲಿಗೆ ಹೋಗ್ತಾವ. ಅಲ್ಲಿ ಒಬ್ಬಾವ ಮನಿಗೆ ಸುಣ್ಣ ಹಚ್ಚಬೇಕಂದ್ರೂ ಹಚ್ಚಲೋ ಬ್ಯಾಡೋ ಅಂತ ಕುಂತ ಬಿಡ್ತಾನ. ನನ್ನ ಕಾದಂಬರ್ಯಾಗ ಗೆರಿಗಾರ ಅಂತ ಬರ್ತಾನ, ಅವ ಗ್ವಾಡಿ ಮ್ಯಾಲ ಗೆರಿ ಎಳದ್ರ ನೀರು ಅಲ್ಲೀತನಕ ಏರತೈತಿ, ಕತ್ತಿ ಇಲ್ಲ, ಬೆಂಕಿ ಉಗುಳೂ ಪ್ರಾಣಿ ಇಲ್ಲ, ಒಂದ ಗೆರಿ ಅಷ್ಟ. ಇದಕ್ಕಿಂತ ದೊಡ್ಡ ಮಂತ್ರ ನಾ ಕಂಡಿಲ್ಲ.

ಈಗ ಎರಡನೇ ಪ್ರಶ್ನೆ, ಇಷ್ಟ್ಯಾಕ ತಿದ್ದೂದು ಅಂತ. ಈ ಗೆರಿಗಾರ ಮೊದಲ ಇರ್ಲೇ ಇಲ್ಲರಿ. ಅಚ್ಚಾದ ಒಂದನೇ ಭಾಗದಾಗ ಒಬ್ಬ ದುಷ್ಟ ಮಾಂತ್ರಿಕ ಶಾಪ ಕೊಟ್ಟು ಒಂದ ರಾತ್ರ್ಯಾಗ ಇಡೀ ಊರ ಮುಳುಗಿಸ್ತಾನ. ಪುಸ್ತಕ ಬಂದ ಮ್ಯಾಲ ಅವ್ವಗ ಓದಿ ಹೇಳಿದೆ, ಆಕಿಗೆ ಸಣ್ಣ ಅಕ್ಷರ ಕಾಣಂಗಿಲ್ಲ. ಮರದಾಗ ಜ್ವಾಳ ಹಸನ ಮಾಡ್ಕೋತ ಕೇಳಾಕತ್ತಿದ್ಲು. ಆ ಮುಳುಗೂ ಜಾಗಾ ಬಂದಾಗ, "ಒಂದ ರಾತ್ರ್ಯಾಗ? ಹೊಳಿ ಹಂಗ ಬರಂಗಿಲ್ಲವಾ" ಅಂದ್ಲು. "ಮೊದಲ ಗಟಾರ ಹಿಮ್ಮುಖ ಆಗಿ ತುಂಬತಾವ. ಆಮ್ಯಾಲ ಹಾವ ಬರತಾವ. ಮಂದಿ ಒಬ್ಬೊಬ್ರ ಹೋಗ್ತಾರ, ದೀಪ ಹಚ್ಚೂ ಮನಿ ಕಡಿಮಿ ಆಗ್ತಾವ. ನೀರ ಬರೂದು ಎಲ್ಲಾಕಿಂತ ಕಡೀಕ."

ನಾ ಪುಸ್ತಕ ಮುಚ್ಚಿದೆ. ಎಂಟ ವರ್ಷದಾಕಿ ಕಣ್ಣಾರೆ ನೋಡಿದ್ದನ್ನ ನಾ ಮೂವತ್ತಕ್ಕ ಬರಿಯೂ ಮುಂದ ಮರ್ತ ಬಿಟ್ಟಿದ್ದೆ, ಅದರ ಬದ್ಲಿ ಎಲ್ಲಾರೂ ಬರಿಯೂವಂಥಾ ಮಾಂತ್ರಿಕನ್ನ ತಂದು ಕುಂದ್ರಿಸಿದ್ದೆ. ಮಾವನ ಮಾತಿಗೆ ಅಷ್ಟ ಸಿಟ್ಟ ಬಂದಿದ್ದಕ್ಕ ಇದೂ ಒಂದ ಕಾರಣ ಐತಿ, ಹೇಳೇ ಬಿಡ್ತೀನಿ: ಆ ಒಂದ ವಿಷಯದಾಗ ಅವ ಹೇಳಿದ್ದ ಖರೇ ಇತ್ತು.

ಅಚ್ಚಾದದ್ದನ್ನ ಏನ ಮಾಡೂದು? ವಾರಗಟ್ಟಲೆ ನಿದ್ದಿ ಇಲ್ಲ. ಆಮ್ಯಾಲ ಟೋಲ್ಕಿನ್ ಅವರ 'ದ ಹಾಬಿಟ್' ವಿಷಯ ನೆನಪಾತು. 1937ರಾಗ ಅಚ್ಚಾದ ಪುಸ್ತಕದಾಗ ಗೊಲ್ಲಮ್ ಅನ್ನೂ ಗವಿಯಾಗಿನ ಜೀವಿ, ನಾಯಕ ಬಿಲ್ಬೋನ ಕೂಡ ಆಡೂ ಒಗಟಿನ ಪಂದ್ಯದಾಗ ಸೋತ್ರ ಉಂಗುರ ತಾನ ಕೊಡಾಕ ತಯಾರಿದ್ದ. ಮುಂದಿನ ದೊಡ್ಡ ಕಥಿ 'ದ ಲಾರ್ಡ್ ಆಫ್ ದ ರಿಂಗ್ಸ್'ಗೆ ಅದು ಹೊಂದಲಿಲ್ಲ, ಅದಕ್ಕ 1951ರ ಎರಡನೇ ಆವೃತ್ತಿಯೊಳಗ ಆ ಅಧ್ಯಾಯನ ಬದಲ ಮಾಡಿದ್ರು. ಅಷ್ಟಕ್ಕ ಬಿಡಲಿಲ್ಲ, ಮೊದಲಿಂದು ಬಿಲ್ಬೋ ಹೇಳಿದ ಸುಳ್ಳು ಅಂತ ಕಥಿಯೊಳಗೇ ಸೇರಿಸಿ ಬಿಟ್ರು. ಅದನ್ನ ನೆನಸ್ಕೊಂಡು ನಸಕಿನ್ಯಾಗ ಎದ್ದ ಕುಂತೆ. ನಮ್ಮ ರನ್ನ ಬ್ಯಾರೆ ಏನ ಮಾಡ್ಯಾನ, ಕಡೀ ದಿನದ ಯುದ್ಧದಾಗ ನಿಂತು ಹೊಳ್ಳಿ ನೋಡಿ ಇಡೀ ಮಹಾಭಾರತದ ಕಥಿ ಹೇಳ್ಯಾನ, ಅದಕ್ಕ ಸಿಂಹಾವಲೋಕನ ಅಂತಾರ, ಸಿಂಹ ನಡ್ಕೋತ ಕುತ್ತಿಗಿ ಹೊಳ್ಳಿಸಿ ಬಂದ ಹಾದಿ ನೋಡಿದಂಗ. ಹೊಳ್ಳಿ ನೋಡಿದಾಗ ಹಿಂದಿಂದು ಬ್ಯಾರೆ ಕಾಣಬೇಕು, ಇಲ್ಲಾಂದ್ರ ಹೊಳ್ಳೂದ್ಯಾಕ.

ಈಗ ಎರಡನೇ ಭಾಗದಾಗ ಗೊತ್ತಾಗತೈತಿ, 'ಒಂದ ರಾತ್ರ್ಯಾಗ ಶಾಪದಿಂದ ಮುಳುಗಿತು' ಅನ್ನೂದು ಅರಮನಿ ಲೆಕ್ಕಿಗರು ಬರದಿಟ್ಟ ಮಾತು. ಶಾಪ ಅಂದ್ರ ಯಾರಿಗೂ ಪರಿಹಾರ ಕೊಡೂ ಕೆಲಸ ಇಲ್ಲಲ್ಲಾ. ಖರೇ ಹೇಳಬೇಕಂದ್ರ ಊರು ಹದಿನಾರ ವರ್ಷ ಮುಳುಗೈತಿ, ಗೆರಿ ಮ್ಯಾಲ ಗೆರಿ, ಓಣಿ ಮ್ಯಾಲ ಓಣಿ. ಇದೊಂದು ತಿರುವ ಸಿಕ್ಕಿದ್ದಕ್ಕ ನೂರಾ ನಲವತ್ತ ಪುಟ ಹರದ ಹಾಕೀನಿ, ನಾಯಕಿಗೆ ಅಣ್ಣ ಇದ್ದ, ಅವನ್ನ ತಗದೀನಿ, ಯಾರ ಯಾವ ವರ್ಷ ಯಾವ ಓಣಿ ಬಿಟ್ರು ಅಂತ ಪತ್ತಿನ ಸಂಘದ ಹಳೇ ಲೆಡ್ಜರಿನ ಖಾಲಿ ಹಾಳ್ಯಾಗ ಖಾತೆ ಬರದೀನಿ, ದಿನಾ ನಸಕಿನ್ಯಾಗ ನಳಾ ಬರೂತನಕ ಒಂದೂವರಿ ತಾಸ ಸಿಗತೈತಿ, ಅಷ್ಟರಾಗ ಇದೆಲ್ಲಾ. ಮೂರ ವರ್ಷ ಹಿಡೀತಂದ್ರ ಹಿಡೀತು.

ತಿದ್ದೂದು ಅಂದ್ರ ಕಾಗುಣಿತ ನೋಡೂದು ಅಂತ ತಿಳ್ಕೊಂಡಾರ ಮಂದಿ. ನನ್ನ ತಿದ್ದೂದು ಹಿಂಗ ನಡೀತೈತಿ: ಸಂಜಿಕ ಅವ್ವ ಮರ ಹಿಡದ ಕುಂದ್ರತಾಳ, ನಾ ಓದ್ತೀನಿ, ಆದ್ರ ಒಂದ ಕಣ್ಣ ಆಕಿ ಕೈ ಮ್ಯಾಲ. ಕಥಿ ಸಪ್ಪಗಾತಂದ್ರ ಕೈ ಜಲ್ದಿ ಜಲ್ದಿ ಹೊಳ್ಳತಾವ, ಜ್ವಾಳದಾಗಿನ ಹಳ್ಳ ಚಟಚಟ ಅಂತ ಬಾಜೂಕ ಬೀಳ್ತಾವ. ಖರೇ ಮಾತ ಬಂದ್ರ ಬೆರಳ ಜ್ವಾಳದಾಗ ನಿಲ್ಲತಾವ. ನಿಂತಲ್ಲಿ ಪೆನ್ಸಿಲ್ಲಿಂದ ಸಣ್ಣ ಸೊನ್ನಿ ಹಾಕ್ತೀನಿ. ಮೂರ ಪುಟದಾಗ ಒಂದೂ ಸೊನ್ನಿ ಇಲ್ಲಂದ್ರ ಆ ಮೂರೂ ಪುಟ ಮರದಿನ ಇರಂಗಿಲ್ಲ.

ಎಲ್ಲಿಂದ ಬಂತು ಅಂತ ಎಲ್ಲಾರೂ ಕೇಳ್ತೀರಿ. ತಗದ ಹಾಕಿದ್ದು ಎಲ್ಲಿ ಹೋತು ಅಂತ ಒಬ್ರರೆ ಕೇಳ್ರಿ ನೋಡೂಣು. ಅಡಿಯೂರಿನ್ಯಾಗ ಒಬ್ಬಾಕಿ ಕೌದಿ ಹೊಲಿಯೂ ಮುದುಕಿ ಇದ್ಲು. ಊರ ಬಿಟ್ಟ ಹೋಗೂ ಪ್ರತಿ ಮನಿ ಬಾಗಲಕ್ಕ ಹೋಗಿ ಒಂದೊಂದ ತುಂಡ ಅರಿವಿ ಇಸ್ಕೊಂಡು, ಇಡೀ ಓಣಿನ್ನ ಒಂದ ಕೌದ್ಯಾಗ ಹೊಲೀತಿದ್ಲು, ಯಾವ ಮನಿ ಬಾಜೂಕ ಯಾವ ಮನಿ ಇತ್ತೋ ಹಂಗ. ನಲವತ್ತ ಪುಟ. ನಾ ಬರದದ್ರಾಗ ಅದಕ್ಕಿಂತ ಚಂದ ಯಾವದೂ ಇಲ್ಲ. ಅಷ್ಟೂ ಪುಟದಾಗ ಅವ್ವನ ಕೈ ಆಡಿದ್ದಿಲ್ಲ. ಆದ್ರೂ ತಗದೆ, ಯಾಕಂದ್ರ ನಾಯಕಿ ಹೊಸ್ತಿಲಾ ಹೊತ್ಕೊಂಡು ನೀರಿನ ದಂಡಿಗೆ ಬಂದ ನಿಂತಾಳ, ಗೆರಿ ಏರಾಕತ್ತೈತಿ, ಅಂಥಾದ್ರಾಗ ನಲವತ್ತ ಪುಟ ಆಕಿನ್ನ ಅಲ್ಲೇ ನಿಲ್ಲಿಸಾಕ ಬರಂಗಿಲ್ಲ. ಎರಡ ತಿಂಗಳ ಜಗಳಾಡೀನಿ ನನ್ನ ಕೂಡ ನಾನ. ತಗದ ದಿನ ಆಫೀಸಿಗೆ ರಜಾ ಹಾಕಿದ್ದೆ.

ಮುಂದಿನ ಸಲ ಆ ಜಾಗಾ ಓದಿದಾಗ ಅವ್ವ ತಡದ್ಲು. "ಆ ಕೌದಿ ಮುದುಕಿ ಎಲ್ಲಿ ಹೋದ್ಲು?"

ಮೂರ ವರ್ಷದಾಗ ನನ್ನ ಕಾದಂಬರಿ ಬಗ್ಗೆ ಯಾರರೆ ಕೇಳಿದ ಖರೇ ಪ್ರಶ್ನೆ ಅದೊಂದ. ನನ್ನ ಹಂತೇಕ ಉತ್ತರ ಇರ್ಲಿಲ್ಲ. "ಮುಂದ ಬರ್ತಾಳ ತಗೋ" ಅಂದೆ. ಅಂದ ಮ್ಯಾಲ ಬರಬೇಕಲ್ಲಾ.

ಹೋದ ವಾರ ಹದಿನೇಳನೇ ಅಧ್ಯಾಯದಾಗ ನಾಯಕಿ ಮೊದಲನೇ ಸಲ ಅಡಿಯೂರಿಗೆ ಇಳದು, ತನ್ನ ಹಳೇ ಮನಿ ಹುಡುಕಾಕ ಹೋದ್ರ ಓಣಿ ಹೆಸರ ಮರ್ತ ಹೋಗಿರತೈತಿ, ಯಾವ ಮನಿ ಯಾರದು ತಿಳಿಯಂಗಿಲ್ಲ. ಒಂದ ಕಟ್ಟಿ ಮ್ಯಾಲ ಹಸಿ ಕೌದಿ ಒಣಾ ಹಾಕಿರ್ತಾರ. ಎರಡ ಸಾಲ, ಅಷ್ಟ. ಆಕಿ ಆ ತುಂಡ ಎಣಿಸ್ಕೋತ ನಡೀತಾಳ, ಹಸರ ಖಣದ್ದು, ಚೌಕಡಿ ಲುಂಗೀದು, ಕೆಂಪ ದಡಿ ಇಳಕಲ್ ಸೀರೀದು, ಕೆಂಪ ದಡಿ ಬಂದಲ್ಲಿ ನಿಲ್ಲತಾಳ, ಅದು ಆಕಿ ಮನಿ.

ಓದಿ ಮುಗಿಸಿ ನೋಡಿದೆ. ಅವ್ವನ ಬೆರಳ ಜ್ವಾಳದಾಗ ನಿಂತಿದ್ವು.

"ಆಕೀದ ಐತಿ ಹೌದಿಲ್ಲೋ ಆ ಕೌದಿ?"

"ಹೂಂ."

"ಹಂಗಾದ್ರ ಅದಾಳ" ಅಂದ್ಲು, ಮರಾ ಒಮ್ಮೆ ಕೇರಿ, ಮತ್ತ ಹಳ್ಳ ಆರಸಾಕ ಹತ್ತಿದ್ಲು.