ಹುದ್ದೆ: ಪಿ.ಡಿ.

29 ಆಗಸ್ಟ್ 2025, ಶುಕ್ರವಾರ
ಬೆಳಗಾವಿ

ಗಣಪತಿ ಕೂತು ಮೂರನೇ ದಿನ. ಇವತ್ತೇ ಧ್ಯಾನ್‌ಚಂದ್ ಹುಟ್ಟಿದ ದಿನ ಕೂಡ, ಕ್ರೀಡಾ ದಿನ. ಮಳೆಯಲ್ಲೇ ಪೆಂಡಾಲುಗಳನ್ನು ದಾಟಿಕೊಂಡು ಟಿಳಕವಾಡಿಗೆ, ಸರ್ ಮನೆಗೆ ಹೋಗಿ ಬಂದೆ. ನಾಡಿದ್ದು ಭಾನುವಾರ ಅವರ ನಿವೃತ್ತಿ. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯೋ ಕೆಲಸ ನನಗೆ ಗಂಟುಬಿದ್ದಿದೆ.

‘ಹಾಕಿ ಕೋಚ್’ ಅಂತ ಬರೆದುಕೊಂಡು ಹೋಗಿದ್ದೆ. ಪೆನ್ ಕಸಿದುಕೊಂಡು ಗೀಟು ಎಳೆದೇಬಿಟ್ಟರು. “ಪಿ.ಡಿ. ಅಂತ ಬರಿಯವ್ವಾ. ಕೋಚ್ ಅನ್ನೂ ಪೋಸ್ಟ್ ನಮ್ಮ ಕಾಲೇಜಿನಾಗ ಎಲ್ಲೈತಿ?”

ಹೌದಲ್ವಾ. ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು ಅಂದಮೇಲೆ ಕಬಡ್ಡಿ, ಖೋಖೋ, ಓಟ, ಆಗಸ್ಟ್ 15ರ ಧ್ವಜದ ಹಗ್ಗ, ಗ್ಯಾದರಿಂಗ್‌ನಲ್ಲಿ ಹುಡುಗರ ಗಲಾಟೆ ನಿಲ್ಲಿಸೋದು, ಎಲ್ಲ ಒಬ್ಬರ ತಲೆ ಮೇಲೆ. ಹಾಕಿ ಮಾತ್ರ ಬೆಳಗ್ಗೆ ಐದೂವರೆಗೆ, ಅವರ ಸ್ವಂತ ಹುಚ್ಚು. 1996ರಿಂದ ಹೀಗೇ.

ಚಿಕ್ಕವರಿದ್ದಾಗ ಮನೆ ಕ್ಯಾಂಪ್ ಕಡೆ ಇತ್ತಂತೆ. ಮರಾಠಾ ಲೈಟ್ ಇನ್‌ಫಂಟ್ರಿ ಜವಾನರು ಆಡುವಾಗ ಬೇಲಿ ಆಚೆ ನಿಂತು ನೋಡೋದು, ಬಾಲ್ ಹೊರಗೆ ಬಂದರೆ ಓಡಿ ತಂದುಕೊಡೋದು, ಮುರಿದ ಸ್ಟಿಕ್ ಎಸೆದರೆ ಮನೆಗೆ ಒಯ್ದು ಅಂಟು ಹಚ್ಚಿ ಸುತಳಿ ಸುತ್ತೋದು. 1964ರ ಟೋಕಿಯೋ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0 ಸೋಲಿಸಿ ಚಿನ್ನ ತಂದ ತಂಡದಲ್ಲಿ ನಮ್ಮೂರ ಬಂಡು ಪಾಟೀಲ ಇದ್ದರು, ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಇದೇ ರೆಜಿಮೆಂಟಿನವರು. ಸರ್ ಹುಟ್ಟಿದ್ದು ಮರುವರ್ಷ. ರಾಮಾಯಣಕ್ಕಿಂತ ಈ ಕಥೆಯನ್ನೇ ಜಾಸ್ತಿ ಕೇಳಿ ಬೆಳೆದೆ ಅನ್ನುತ್ತಾರೆ. (ಸ್ವಲ್ಪ ಉಪ್ಪುಖಾರ ಇರಬಹುದು, ಬಿಡಿ.) ಆಮೇಲೆ ಧಾರವಾಡದಲ್ಲಿ ಎಂ.ಪಿ.ಎಡ್., ಯೂನಿವರ್ಸಿಟಿ ಬ್ಲೂ (ಯೂನಿವರ್ಸಿಟಿ ತಂಡದಲ್ಲಿ ಆಡಿದವರಿಗೆ ಸಿಗೋ ಗೌರವ), ನೌಕರಿ. ಒಂದು ಬೇಸಿಗೆ ರಜೆಯಲ್ಲಿ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಆರು ವಾರದ ಕೋರ್ಸ್, ಕೈಯಿಂದ ದುಡ್ಡು ಹಾಕಿ.

ನನಗೆ ನೆನಪಿರೋದು ಬೇರೆ. ನಾನು ಎಡಚಿ. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಅನ್ನೋದೇ ಇಲ್ಲ. ಚಪ್ಪಟೆ ಮುಖ ಒಂದೇ ಕಡೆ, ಬಾಲ್ ಆಡಬೇಕಾದ್ದು ಅದರಲ್ಲೇ. ಮೊದಲ ದಿನ ಉಲ್ಟಾ ಹಿಡಿದು ನಿಂತಾಗ ಎಲ್ಲರೂ ನಕ್ಕರು, ನಾನು ಶೂ ಬಿಚ್ಚೋಕೆ ಕೂತೆ. ಸರ್ ಬಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. “ಹುಚ್ಚವ್ವಾ, ಸ್ಟಿಕ್ ಹೊಳ್ಳಿಸೋದು ಮ್ಯಾಲಿನ ಕೈ. ಅದು ಎಡಗೈ. ಬಲಗೈ ಸುಮ್ನ ಆಸರಕ್ಕ. ನಕ್ಕಾರಲ್ಲ, ಅವರಿಗೆ ಎಡಗೈ ಪಳಗಿಸಾಕ ಆರು ತಿಂಗಳು ಬೇಕು. ನಿನಗ ಬ್ಯಾಡ.” ಒಂದು ತಿಂಗಳು ಬಲಗೈ ಬೆನ್ನ ಹಿಂದೆ ಇಟ್ಟುಕೊಂಡೇ ಡ್ರಿಬಲ್ ಮಾಡಿಸಿದರು. ಕಟ್ಟೆ ಮೇಲಿಂದ ಕೂಗೋದು ಮೂರು ಭಾಷೆಯಲ್ಲಿ: ಬಿಡು, ಸೋಡ, ಛೋಡ್. ಯಾವುದು ಮೊದಲು ತಿಳೀತೋ ಅದಕ್ಕೆ ಪಾಸ್ ಬಿಡಬೇಕು!

ಒಲಿಂಪಿಕ್ಸ್ ಹಾಕಿ 1976ರಲ್ಲೇ ಟರ್ಫಿಗೆ, ಅಂದರೆ ಕೃತಕ ಹುಲ್ಲಿನ ಅಂಗಳಕ್ಕೆ ಹೋಯಿತು. ನಮ್ಮದು ಹರಳು ಮಣ್ಣು. ಬಾಲ್ ಪುಟಿಯುತ್ತೆ ಅಂತ ಸ್ಟಿಕ್ ನೆಟ್ಟಗೆ ಹಿಡಿದು ತಡೆಯೋದೇ ರೂಢಿ. ಬೆಂಗಳೂರಿಗೆ ಆಡೋಕೆ ಹೋದಾಗ ಟರ್ಫ್ ಮೇಲೆ ಬಾಲ್ ಸುಂಯ್ ಅಂತ ಪಕ್ಕದಲ್ಲೇ ಹೋಗಿಬಿಡುತ್ತಿತ್ತು. ಏಳು ಗೋಲು ತಿಂದೆವು. ವಾಪಸ್ ಬಂದವರೇ ಬಾಸ್ಕೆಟ್‌ಬಾಲ್ ಆಡೋ ಸಿಮೆಂಟ್ ಅಂಗಳಕ್ಕೆ ಪೈಪ್ ಹಿಡಿದು ನೀರು ಬಿಟ್ಟು, ಅಲ್ಲೇ ಸ್ಟಿಕ್ ನೆಲಕ್ಕೆ ಮಲಗಿಸಿ ತಡೆಯೋದನ್ನು ಕಲಿಸಿದರು. ನೀರು ಹಾಳು ಮಾಡಿದ್ದಕ್ಕೆ ಆಫೀಸಿನಿಂದ ಮೆಮೋ ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದಾರೆ, ಪುಣ್ಯಾತ್ಮ! ಸರ್ಟಿಫಿಕೇಟ್‌ಗಳೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ.

ಬರುವಾಗ ಕರಿಗಡಬು ಕಟ್ಟಿಕೊಟ್ಟರು, ಒಂದು ಗ್ರೂಪ್ ಫೋಟೋನೂ. ರಾತ್ರಿ ಸಂಚಿಕೆಯವರಿಗೆ ವಾಟ್ಸಾಪ್ ಮಾಡಿದ ಮೇಲೆ ಸರಿಯಾಗಿ ನೋಡಿದೆ. ನಡುವೆ ಸರ್, ಅದೇ ನೀಲಿ ಟ್ರ್ಯಾಕ್‌ಸೂಟು. ಮುಂದೆ ಒಂದು ಸ್ಟಿಕ್ಕೂ ಇಲ್ಲ. ಕಬಡ್ಡಿ ಟೀಮು.