ಮಳೆಯಲ್ಲಿ ಪನ್ಹಾಳದಿಂದ ಪಾವನಖಿಂಡಿಗೆ

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಶಿವಾಜಿ ಮಹಾರಾಜರ ಸರದಾರ ಬಾಜಿಪ್ರಭು ದೇಶಪಾಂಡೆಯ ಕಥೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯ ಕನ್ನಡದಲ್ಲಿ. ಕಳೆದ ಆಷಾಢದಲ್ಲಿ ಸೋದರಮಾವನ ಜೊತೆ ಆ ಕಥೆಯ ದಾರಿಯನ್ನು ನಡೆದೇಬಿಟ್ಟೆ. ಎರಡು ದಿನ, ಸುಮಾರು 50 ಕಿ.ಮೀ.

ಶಿಲಾಹಾರರ ಭೋಜರಾಜ ಕಟ್ಟಿಸಿದ ಪನ್ಹಾಳ ಕೋಟೆಯ ರಾಜದಿಂಡಿಯಿಂದ ಬೆಳಗ್ಗೆ ಇಳಿದೆವು. ಪುಟ್ಟ ಬಾಗಿಲು. 1660ರ ಜುಲೈನಲ್ಲಿ ಬಿಜಾಪುರದ ಸರದಾರ ಸಿದ್ದಿ ಜೋಹರನ ಮುತ್ತಿಗೆ ತಪ್ಪಿಸಿಕೊಂಡು ಶಿವಾಜಿ ಮಹಾರಾಜರು ಪಲ್ಲಕ್ಕಿಯಲ್ಲಿ ಹೊರಬಿದ್ದದ್ದು ಇಲ್ಲಿಂದಲೇ. ಇನ್ನೊಂದು ಪಲ್ಲಕ್ಕಿಯಲ್ಲಿ ಅವರ ವೇಷ ಹಾಕಿ ಕೂತಿದ್ದವನು ಶಿವಾ ಕಾಶೀದ ಎಂಬ ಕ್ಷೌರಿಕ. ಸಿಕ್ಕಿಬಿದ್ದ, ಪ್ರಾಣ ಕೊಟ್ಟ.

"ತಮ್ಮಾ, ಹುಷಾರಿ, ಕಲ್ಲು ಜಾರ್ತಾವ," ಎಂದು ಮಾವ ಹೇಳುವಷ್ಟರಲ್ಲಿ ನಾನು ಕೆಸರಲ್ಲಿ ಕೂತಿದ್ದೆ. ಕೈಯಲ್ಲಿ ಕೋಲು, ಕಾಲಲ್ಲಿ ಒಳ್ಳೆ ಬೂಟು, ಮೇಲೆ ಹಗಲ ಬೆಳಕು. ಆ ರಾತ್ರಿ ಇದೇ ಕೆಸರಲ್ಲಿ ಹೆಗಲ ಮೇಲೆ ಪಲ್ಲಕ್ಕಿ ಹೊತ್ತು ಓಡಿದವರ ಕಾಲು ಹೇಗಿತ್ತೋ! ಆಮೇಲೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅವರದ್ದೇ ಯೋಚನೆ.

ಮಸಾಯಿ ಪಠಾರ ಹತ್ತಿದಾಗ ಮಂಜು ಕವಿದಿತ್ತು. ಚಪ್ಪಟೆ ಬಯಲು, ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಗೇಣುದ್ದ ಹಸಿರು ಹುಲ್ಲು. ಗಾಳಿ ಬೀಸಿ ಮಂಜು ಸರಿದಾಗ ಕೆಳಗೆ ಭತ್ತದ ಗದ್ದೆಗಳು ಕಂಡು, ಮತ್ತೆ ಮುಚ್ಚಿಹೋದವು. ಮಸಾಯಿ ದೇವಿಯ ಗುಡಿಯಲ್ಲಿ ಕೂತು ಕಟ್ಟಿತಂದ ರೊಟ್ಟಿ, ಝುಣಕ ತಿಂದೆವು. ಒದ್ದೆ ಬಟ್ಟೆಯಲ್ಲಿ ತಿಂದ ಆ ಊಟದ ರುಚಿ ಇನ್ನೂ ನಾಲಿಗೆ ಮೇಲಿದೆ. ಮಳೆಗಾಲದಲ್ಲೇ ಬನ್ನಿ, ಬೇಸಿಗೆಯಲ್ಲಿ ಈ ದಾರಿಯ ಕಷ್ಟವೂ ತಿಳಿಯದು, ಚೆಲುವೂ ತಿಳಿಯದು.

ರಾತ್ರಿ ದಾರಿಯ ವಾಡಿಯೊಂದರಲ್ಲಿ ತಂಗಿದೆವು. ಮರುದಿನ ಕಾಡು ಜಾಸ್ತಿ, ಜಿಗಣೆಯೂ ಜಾಸ್ತಿ.

ಸಂಜೆಗೆ ಪಾವನಖಿಂಡಿ, ಬೆಟ್ಟದ ನಡುವಿನ ಇಕ್ಕಟ್ಟು ದಾರಿ. ಖಿಂಡ ಅಂದರೆ ನಮ್ಮ ಕಿಂಡಿಯೇ ಅಲ್ವಾ? ಮೊದಲು ಇದರ ಹೆಸರು ಘೋಡಖಿಂಡ. ಮಹಾರಾಜರು ವಿಶಾಳಗಡ ಕೋಟೆ ಮುಟ್ಟಿ, ಮುಟ್ಟಿದ ಗುರುತಿಗೆ ತೋಪು ಹಾರಿಸುವ ತನಕ ಬಾಜಿಪ್ರಭು ಸುಮಾರು 300 ಜನರೊಂದಿಗೆ ಇಲ್ಲಿ ವೈರಿಗಳನ್ನು ತಡೆದ, ಇಲ್ಲೇ ಬಿದ್ದ. ಮಾವ ಮೇಲೆಯೇ ಚಪ್ಪಲಿ ಬಿಟ್ಟು ಏಣಿ ಇಳಿದರು. ಎರಡೂ ಕಡೆ ಕರಿಬಂಡೆ, ನಡುವೆ ಮೊಣಕಾಲುದ್ದ ನೀರು. ಅವರು ಬೊಗಸೆಯಲ್ಲಿ ನೀರೆತ್ತಿ ಹಣೆಗೆ ಹಚ್ಚಿಕೊಂಡರು. ಬಂಡೆಗೆ ಕೈ ಆನಿಸಿ ನಾನೂ ಸುಮ್ನೆ ನಿಂತೆ. ಮಳೆ ಸುರಿಯುತ್ತಲೇ ಇತ್ತು.