ಸೌದೆ ಒಣಗುವ ಲೆಕ್ಕ

26 ಏಪ್ರಿಲ್ 2025, ಶನಿವಾರ
ಮಾಂಟ್ಪೀಲಿಯರ್ ಸಮೀಪ, ವರ್ಮಾಂಟ್, ಅಮೆರಿಕ

ಭಾರಿ ಲಾರಿಗಳು ಬರಕೂಡದೆಂದು ನಮ್ಮ ಮಣ್ಣುರಸ್ತೆಯ ತುದಿಯಲ್ಲಿ ಊರಾಡಳಿತದವರು ಹಾಕಿದ ಫಲಕವನ್ನು ಇನ್ನೂ ತೆಗೆದಿಲ್ಲ. ಹಿಮ ಕರಗಿ, ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗಲಾರದೆ, ಗಾಡಿಯ ಚಕ್ರ ಅರ್ಧಕ್ಕೆ ಹೂತುಹೋಗುವ ಈ ದಿನಗಳನ್ನು ಇಲ್ಲಿಯವರು ಕೆಸರುಗಾಲವೆಂದು ಬೇರೆ ಋತುವಾಗಿಯೇ ಎಣಿಸುತ್ತಾರೆ. ಸೌದೆಯ ದಿಮ್ಮಿಗಳನ್ನು ನೆಲ ಕಲ್ಲಿನಂತಿರುವ ಫೆಬ್ರವರಿಯಲ್ಲೇ ತರಿಸಿ ಅಂಗಳದ ಅಂಚಿನಲ್ಲಿ ಇಳಿಸಿಕೊಳ್ಳುವ ಪದ್ಧತಿ ಇದರಿಂದಲೇ ಬಂದದ್ದು. ಇಂದು ಆ ದಿಮ್ಮಿಗಳನ್ನು ಹದಿನಾರು ಅಂಗುಲದ ತುಂಡುಗಳಾಗಿ ಕೊಯ್ದು ಸೀಳುವ ಕೆಲಸ ಆರಂಭವಾಯಿತು. ಬರುವ ಚಳಿಗಾಲಕ್ಕೆ ಬೇಕಾದ ಸೌದೆ ಕಳೆದ ವಸಂತದಿಂದಲೇ ಗಾಳಿಗೆ ನಿಂತಿದೆ. ಇಂದು ಸೀಳಿದ್ದು ಅದರಾಚೆಯ, ಅಂದರೆ 2026–27ರ ಚಳಿಗಾಲದ್ದು.

ಬೆಳಿಗ್ಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಲ್ವೋ, ಮಳೆಗಾಲಕ್ಕೆ ಸೌದೆ ಕೂಡಿಡೋದು ಗೊತ್ತು. ಎರಡು ವರ್ಷ ಮುಂಚೆ ಕೂಡಿಡೋದು ಎಂತಕ್ಕೆ?" ಎಂದು ಕೇಳಿದರು. ತೀರ್ಥಹಳ್ಳಿಯ ಕಡೆ ಲೆಕ್ಕ ಬೇರೆ. ಅಲ್ಲಿ ಮಾಗಿ ಕಳೆದ ಮೇಲೆ ಕಡಿದು ಒಡೆದ ಕಟ್ಟಿಗೆ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸದ್ದುಬರುವಷ್ಟು ಒಣಗುತ್ತದೆ; ಮೃಗಶಿರಾ ಮಳೆ ಹಿಡಿಯುವುದರೊಳಗೆ ಅದನ್ನು ಸೌದೆ ಕೊಟ್ಟಿಗೆಗೆ ಸೇರಿಸಿದರೆ ಮುಗಿಯಿತು. ಬಚ್ಚಲ ಒಲೆಗಾಗಲಿ ಅಡಿಕೆ ಬೇಯಿಸುವ ಒಲೆಗಾಗಲಿ ಬಾಯಿ ತೆರೆದೇ ಇರುವುದರಿಂದ ತುಸು ಹಸಿಯಿದ್ದರೂ ಕಣ್ಣುರಿ ಬಿಟ್ಟರೆ ಬೇರೆ ಅಪಾಯವಿಲ್ಲ, ಮತ್ತು ತೀರಾ ಹಸಿಯಿದ್ದದ್ದನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿದರೆ ಹೊಗೆಯೇ ಅದನ್ನು ಒಣಗಿಸಿಕೊಡುತ್ತದೆ. ಇಲ್ಲಿ ಬೇಸಿಗೆ ಚಿಕ್ಕದು, ಬಿಸಿಲು ಮೃದು, ಆಗಾಗ ಮಳೆ. ಒಲೆಯೋ ಗಾಜಿನ ಬಾಗಿಲಿನ, ಗಾಳಿಯನ್ನು ಅಳೆದು ಒಳಬಿಡುವ ಎರಕದ ಕಬ್ಬಿಣದ ಪೆಟ್ಟಿಗೆ. ಜನವರಿಯ ರಾತ್ರಿಗಳಲ್ಲಿ ಹೊರಗಿನ ತಾಪ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಇಡೀ ಮನೆಯನ್ನು ಬೆಚ್ಚಗಿಡಬೇಕಾದದ್ದು ಅದೊಂದೇ.

ಹಸಿ ಸೌದೆ ಏಕೆ ಕೂಡದೆಂಬುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ, ಬೆಂಕಿಯ ಶಾಖವೆಲ್ಲ ನೀರನ್ನು ಆವಿಮಾಡುವುದರಲ್ಲೇ ಖರ್ಚಾಗುತ್ತದೆ ಎಂಬುದು. ಲೆಕ್ಕ ಹಾಕಿದರೆ ಅದು ಪೂರ್ತಿ ನಿಜವಲ್ಲ. ಪೂರ್ಣ ಒಣಗಿದ ಒಂದು ಕಿಲೋ ಮರದಲ್ಲಿ ಸುಮಾರು 19 ಮೆಗಾಜೂಲ್ ಶಾಖವಿರುತ್ತದೆ. ಅದರೊಂದಿಗೆ ಅರ್ಧ ಕಿಲೋ ನೀರು ಅಡಗಿದ್ದರೂ ಆ ನೀರನ್ನು ಕಾಯಿಸಿ ಆವಿಮಾಡಲು ಬೇಕಾಗುವುದು ಸುಮಾರು 1.3 ಮೆಗಾಜೂಲ್ ಮಾತ್ರ. ನೂರಕ್ಕೆ ಏಳು ಹೋದರೆ ಯಾರೂ ಎರಡು ವರ್ಷ ಕಾಯಬೇಕಾಗಿರಲಿಲ್ಲ. ನಿಜವಾದ ನಷ್ಟ ಬೇರೆ ಕಡೆ ಇದೆ. ಮರ ಕಾದಾಗ ಮೊದಲು ಹೊರಡುವುದು ಉರಿಯಬಲ್ಲ ಅನಿಲಗಳು, ಮತ್ತು ಮರದ ಶಾಖದ ಅರ್ಧಕ್ಕೂ ಹೆಚ್ಚು ಪಾಲು ಅವುಗಳಲ್ಲೇ ಇರುತ್ತದೆ. ಅವು ಚೆನ್ನಾಗಿ ಹತ್ತಿಕೊಳ್ಳಬೇಕಾದರೆ ಒಲೆಯ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಆವಿ ಏಳುತ್ತಿರುವಷ್ಟು ಹೊತ್ತು ಒಲೆ ಆ ಮಟ್ಟಕ್ಕೆ ಏರುವುದೇ ಇಲ್ಲ, ಆದ್ದರಿಂದ ಆ ಅನಿಲಗಳು ಉರಿಯದೆ ಹೊಗೆಯಾಗಿ ಹೊಗೆಗೂಡಿನೊಳಗೆ ಹೋಗುತ್ತವೆ. ಮೇಲೆ ಹೋದಂತೆ ತಣ್ಣಗಾಗಿ, ಸುಮಾರು 120 ಡಿಗ್ರಿಗಿಂತ ಕೆಳಗಿಳಿದಾಗ, ಒಳಗೋಡೆಯ ಮೇಲೆ ಡಾಂಬರಿನಂಥ ಪದರವಾಗಿ ಕೂರುತ್ತವೆ. ಇದೇ ಕ್ರಿಯೊಸೋಟ್. ಎಂದೋ ಒಂದು ದಿನ ಜೋರಾಗಿ ಉರಿಸಿದಾಗ ಅದಕ್ಕೆ ಕಿಡಿ ತಾಗಿದರೆ ಹೊಗೆಗೂಡಿನೊಳಗೇ ಸಾವಿರ ಡಿಗ್ರಿ ಮೀರಿದ ಬೆಂಕಿ ಏಳುತ್ತದೆ. ಇಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು ಎಂಬುದನ್ನು ಇದರ ಜೊತೆಗೆ ಸೇರಿಸಿ ಓದಿಕೊಳ್ಳಬೇಕು.

ಈಗಿನ ಒಲೆಗಳ ವಿಷಯದಲ್ಲಿ ಒಣ ಸೌದೆಯ ಅಗತ್ಯ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಈ ಪ್ರಾಂತದಲ್ಲಿ ಸೌದೆ ಒಲೆಗಳಿಗೆ ಮತ್ತೆ ಬೇಡಿಕೆ ಬಂತು. ಇಲ್ಲಿಂದ ದೂರವಲ್ಲದ ರ್‍ಯಾಂಡಾಲ್ಫ್‌ನಲ್ಲಿ ವರ್ಮಾಂಟ್ ಕ್ಯಾಸ್ಟಿಂಗ್ಸ್ ಎಂಬ ಒಲೆ ತಯಾರಿಸುವ ಕಂಪನಿ ಆರಂಭವಾದದ್ದು 1975ರಲ್ಲಿ. ಒಲೆಗಳು ಹೆಚ್ಚಿದಂತೆ ಕಣಿವೆಗಳಲ್ಲಿ ಹೊಗೆಯೂ ಹೆಚ್ಚಿ, 1988ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲ ಬಾರಿಗೆ ಒಲೆಯ ಹೊಗೆಗೆ ಮಿತಿ ವಿಧಿಸಿತು. 2020ರಿಂದ ಜಾರಿಯಲ್ಲಿರುವ ಮಿತಿ ಗಂಟೆಗೆ 2 ಗ್ರಾಂ ಕಣಗಳು. ಮಾಮೂಲಿ ಸೀಳು ಸೌದೆಯಿಂದಲೇ ಪರೀಕ್ಷಿಸಿದರೆ 2.5 ಗ್ರಾಂ. ನಮ್ಮ ಒಲೆಯ ಚಾವಣಿಯಲ್ಲಿ ತೂತುಗಳಿರುವ ಉಕ್ಕಿನ ಕೊಳವೆಗಳಿದ್ದು, ಅವುಗಳಿಂದ ಹೊರಬರುವ ಕಾದ ಗಾಳಿ ಹೊಗೆಯನ್ನು ಎರಡನೆಯ ಬಾರಿ ಉರಿಸುತ್ತದೆ. ಸೌದೆ ಒಣಗಿದ್ದರೆ ಆ ತೂತುಗಳಿಂದ ಜ್ವಾಲೆ ಕೆಳಮುಖವಾಗಿ ಇಳಿಯುವುದು ಕಾಣುತ್ತದೆ. ಹಸಿಯಿದ್ದರೆ ಗಾಜು ಕಪ್ಪಾಗುತ್ತದೆ, ಅಷ್ಟೆ. ಆ ಗ್ರಾಂ ಲೆಕ್ಕವೆಲ್ಲ ಒಣಗಿಸಿದ ಮರದಿಂದ ಮಾಡಿದ ಪರೀಕ್ಷೆಯದು. ಹಸಿ ಕಟ್ಟಿಗೆ ತುಂಬಿದ ಮೇಲೆ ಪ್ರಮಾಣಪತ್ರದ ಒಲೆಗೂ ಹಳೆಯ ಒಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ.

ಬೇಕಾದ ಮಟ್ಟ, ಒಣ ಮರದ ತೂಕಕ್ಕೆ ಹೋಲಿಸಿ, ಶೇಕಡ 20ಕ್ಕಿಂತ ಕಡಿಮೆ ತೇವ. ಆಗತಾನೇ ಕಡಿದ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶದ ಪೊಳ್ಳಿನಲ್ಲಿ ನಿಂತದ್ದು ಒಂದು, ಗೋಡೆಗೆ ಹೀರಿಕೊಂಡದ್ದು ಇನ್ನೊಂದು. ಪೊಳ್ಳಿನ ನೀರು ಬೇಗ ಹೋಗುತ್ತದೆ. ತೇವ ಸುಮಾರು ಶೇಕಡ 30ಕ್ಕೆ ಇಳಿದ ಮೇಲೆ ಹೊರಡಬೇಕಾದದ್ದು ಗೋಡೆಯ ನೀರು. ಅದು ಬಲು ನಿಧಾನ, ಮತ್ತು ಮರ ಕುಗ್ಗಿ ತುದಿಗಳಲ್ಲಿ ಬಿರುಕು ಬಿಡುವುದೂ ಆ ಘಟ್ಟದಲ್ಲೇ. ತುದಿ ಮೊದಲು ಒಣಗುವುದರಿಂದ ಬಿರುಕೂ ಮೊದಲು ಅಲ್ಲೇ ಕಾಣುತ್ತದೆ, ಆದರೆ ಅದರಿಂದ ತಿರುಳು ಒಣಗಿದೆಯೆಂದು ಹೇಳಲಾಗದು. ಮಾರುವವರ ಮಾತು ಕೆಡುವುದು ಇಲ್ಲಿಯೇ. ಹಿಂದೊಮ್ಮೆ "ಒಣಗಿದ ಸೌದೆ" ಎಂದು ಒಬ್ಬರಿಂದ ಕೊಂಡ ತುಂಡುಗಳ ತುದಿ ಚೆನ್ನಾಗಿಯೇ ಬಿರುಕು ಬಿಟ್ಟಿತ್ತು. ಒಂದನ್ನು ಮತ್ತೆ ಸೀಳಿ, ಹೊಸ ಮುಖಕ್ಕೆ ತೇವಮಾಪಕದ ಎರಡು ಮುಳ್ಳು ಚುಚ್ಚಿ ನೋಡಿದರೆ ಶೇಕಡ 30ಕ್ಕೂ ಮೇಲಿತ್ತು. ದಿಮ್ಮಿಯಾಗಿಯೇ ಒಂದು ವರ್ಷ ಬಿದ್ದಿದ್ದ ಮರವನ್ನು ಮೊನ್ನೆ ಸೀಳಿ ಮಾರಿದರೆ ಹೀಗಾಗುತ್ತದೆ, ಏಕೆಂದರೆ ತೊಗಟೆ ಮುಚ್ಚಿರುವ ತನಕ ಮರ ಒಣಗುವುದು ಹೆಸರಿಗಷ್ಟೆ. ಸುಳ್ಳು ಹೇಳಿದರೆಂದು ನಾನು ಅನ್ನುವುದಿಲ್ಲ. ವರ್ಷವನ್ನು ಅವರು ಕಡಿದ ದಿನದಿಂದ ಎಣಿಸುತ್ತಾರೆ, ನಾನು ಸೀಳಿದ ದಿನದಿಂದ ಎಣಿಸುತ್ತೇನೆ.

ಫೆಬ್ರವರಿಯ ಲಾರಿಯಲ್ಲಿ ಬಂದದ್ದು ಹೆಚ್ಚಾಗಿ ಸಕ್ಕರೆ ಮೇಪಲ್ ಮತ್ತು ಬೀಚ್, ಸ್ವಲ್ಪ ಹಳದಿ ಬರ್ಚ್, ಒಂದಷ್ಟು ಆಶ್, ಕೆಲವು ಕೆಂಪು ಓಕ್ ದಿಮ್ಮಿಗಳು. ಸೀಳುವವನಿಗೆ ಆಶ್‌ನಷ್ಟು ಹಿತವಾದ ಮರವಿಲ್ಲ: ಎಳೆ ನೇರ, ಗಂಟು ಕಡಿಮೆ, ಕಡಿದಾಗಲೇ ಉಳಿದವುಗಳಿಗಿಂತ ಕಡಿಮೆ ನೀರು. ಈಗ ಅದು ಇಷ್ಟು ಸುಲಭವಾಗಿ ಸಿಗುತ್ತಿರುವುದು ಸಂತೋಷದ ಸಂಗತಿಯಲ್ಲ. 2002ರಲ್ಲಿ ಮಿಷಿಗನ್‌ನಲ್ಲಿ ಮೊದಲು ಗುರುತಿಸಲಾದ, ಏಷ್ಯಾದಿಂದ ಬಂದ ಪಚ್ಚೆಬಣ್ಣದ ಕೊರೆಹುಳು 2018ರಲ್ಲಿ ವರ್ಮಾಂಟಿನಲ್ಲೂ ಪತ್ತೆಯಾಯಿತು. ಅದರ ಮರಿಹುಳುಗಳು ತೊಗಟೆಯ ಕೆಳಗೆ ಸುರಂಗ ಕೊರೆದು ರಸದ ಹಾದಿಯನ್ನೇ ಕತ್ತರಿಸುವುದರಿಂದ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಇಂಥ ಹುಳುಗಳು ದೂರ ಪ್ರಯಾಣ ಮಾಡುವುದು ರೆಕ್ಕೆಯಿಂದಲ್ಲ, ಸೌದೆಯ ಗಾಡಿಯಿಂದ. ಆದ್ದರಿಂದ ಶಾಖದಿಂದ ಸಂಸ್ಕರಿಸದ ಸೌದೆಯನ್ನು ಹೊರರಾಜ್ಯಗಳಿಂದ ತರಕೂಡದೆಂದು 2016ರಿಂದ ಇಲ್ಲಿ ನಿಯಮವಿದೆ. ಸೌದೆ ಹುಟ್ಟಿದ ಊರಿನಲ್ಲೇ ಉರಿಯಬೇಕೆಂಬುದು ಈಗ ಎಲ್ಲರ ತಿಳಿವಳಿಕೆ.

ಅಳತೆಯ ಮಾನ ಇಲ್ಲಿ ಕಾರ್ಡ್: ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ, ಒಟ್ಟು 128 ಘನ ಅಡಿ, ತುಂಡುಗಳ ನಡುವಿನ ಗಾಳಿಯೂ ಸೇರಿ. ನಮ್ಮ ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕೈದು ಕಾರ್ಡ್ ಬೇಕು. ಒಂದು ಕಾರ್ಡ್ ಹಸಿ ಮೇಪಲ್ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ; ಒಣಗುವಷ್ಟರಲ್ಲಿ ಅದರಿಂದ ಕೆಲವು ನೂರು ಕಿಲೋ ನೀರು ಗಾಳಿಗೆ ಹೋಗಿರುತ್ತದೆ. ಅಷ್ಟು ನೀರು ಹೋಗಬೇಕಾದರೆ ಬಿಸಿಲಿಗಿಂತ ಗಾಳಿಯ ಓಡಾಟವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಸಾಲುಗಳನ್ನು ನೆಲಕ್ಕೆ ತಾಗದಂತೆ ಹಳೆಯ ಪ್ಯಾಲೆಟ್‌ಗಳ ಮೇಲೆ, ಪಡುವಣ ಗಾಳಿಗೆ ಅಡ್ಡವಾಗಿ, ಒಂದೇ ತುಂಡಿನ ದಪ್ಪಕ್ಕೆ ಪೇರಿಸುತ್ತೇನೆ. ಸಾಲಿನಿಂದ ಸಾಲಿಗೆ ಒಬ್ಬರು ನಡೆಯುವಷ್ಟು ಜಾಗ ಬಿಡುತ್ತೇನೆ. ಟಾರ್ಪಾಲಿನ್ ನೆತ್ತಿಗೆ ಮಾತ್ರ. ಬದಿಗಳನ್ನೂ ಸುತ್ತಿ ಮುಚ್ಚಿದರೆ ಒಳಗಿನ ಆವಿ ಅಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂಬ ಬಗ್ಗೆ ಇಲ್ಲಿಯ ಹಿರಿಯರು ಗಂಟೆಗಟ್ಟಲೆ ವಾದಿಸಬಲ್ಲರು. ನೆತ್ತಿಗೆ ಹೊದಿಕೆ ಇದ್ದ ಮೇಲೆ ಅದರಿಂದ ಏನೂ ವ್ಯತ್ಯಾಸವಾಗದೆಂದು ತೋರುತ್ತದೆ. ಬರ್ಚ್ ಒಂದನ್ನು ಮಾತ್ರ ತಡಮಾಡದೆ ಸೀಳಬೇಕು: ಅದರ ತೊಗಟೆ ನೀರನ್ನು ಹೊರಬಿಡದಿರುವುದರಿಂದ ಇಡೀ ತುಂಡು ಒಳಗೊಳಗೇ ಲಡ್ಡಾಗುತ್ತದೆ.

ಹಳೆಯ ಸಾಲುಗಳಲ್ಲಿ ಎರಡು ವಾಲಿವೆ. ಚಳಿಗೆ ಉಬ್ಬಿದ ನೆಲ ಕರಗುವಾಗ ಒಂದೇ ಸಮನಾಗಿ ಇಳಿಯುವುದಿಲ್ಲವಾದ್ದರಿಂದ ಇದು ಪ್ರತಿ ಏಪ್ರಿಲಿನ ಪಾಡು. ಒಂದಕ್ಕೆ ಊರೆಗೋಲು ಕೊಟ್ಟೆ. ಇನ್ನೊಂದನ್ನು ಬಿಚ್ಚಿ ಮತ್ತೆ ಕಟ್ಟಿದೆ, ತುದಿಗಳಲ್ಲಿ ಒಂದು ವರಸೆ ಉದ್ದಕ್ಕೆ ಒಂದು ವರಸೆ ಅಡ್ಡಕ್ಕೆ ಇಟ್ಟು. ಬಿಚ್ಚುವಾಗ ನಡುವಿನ ಒಂದು ಮೇಪಲ್ ತುಂಡನ್ನು ಸೀಳಿ ಅಳೆದೆ: ಶೇಕಡ 22. ಇನ್ನೂ ಪೂರ್ತಿ ಬೇಸಿಗೆ ಮುಂದಿದೆ, ಅಕ್ಟೋಬರಿಗೆ ಸರಿಹೋಗುತ್ತದೆ.

ಒಲೆ ಇನ್ನೂ ಆರಿಲ್ಲ. ರಾತ್ರಿ ನೀರು ಹೆಪ್ಪುಗಟ್ಟಿ ಮಧ್ಯಾಹ್ನ ಅಂಗಿಯಲ್ಲೇ ಓಡಾಡುವ ಈ ದಿನಗಳಿಗೆ ಬರ್ಚ್‌ನ ಸಣ್ಣ ಸೀಳುಗಳೇ ಸರಿ. ಸಂಜೆ ಒಂದೆರಡು ಗಂಟೆ ಜೋರಾಗಿ ಉರಿಸಿ ಬಿಡಬೇಕು, ದೊಡ್ಡ ಕೊರಡಿಟ್ಟು ಗಾಳಿ ಮುಚ್ಚಿ ರಾತ್ರಿಯೆಲ್ಲ ಕನಲಿಸಬಾರದು. ಕ್ರಿಯೊಸೋಟ್ ಹೆಚ್ಚು ಕೂರುವುದು ನಡುಚಳಿಗಾಲದಲ್ಲಲ್ಲ, ಇಂಥ ಅರೆಚಳಿಯ ದಿನಗಳಲ್ಲೇ. ಹೊಗೆಗೂಡು ಗುಡಿಸುವವರಿಗೆ ಜೂನ್ ತಿಂಗಳಲ್ಲಿ ಬರಲು ಹೇಳಿದ್ದೇನೆ. ಸೆಪ್ಟೆಂಬರಿನಲ್ಲಿ ಅವರು ಯಾರ ಕೈಗೂ ಸಿಗುವುದಿಲ್ಲ. ಬೂದಿಯನ್ನು ಮುಚ್ಚಳವಿರುವ ತಗಡಿನ ಬಕೆಟ್ಟಿನಲ್ಲಿ, ಮನೆಯಿಂದ ದೂರ, ಕಲ್ಲಿನ ಮೇಲೆ ಇಟ್ಟಿದೆ. ಅದರೊಳಗಿನ ಕೆಂಡ ಎರಡು ಮೂರು ದಿನವಾದರೂ ಆರಿರುವುದಿಲ್ಲ. ಆಮೇಲೆ ಅದು ತರಕಾರಿ ಪಾತಿಗೆ ಹೋಗುತ್ತದೆ. ಬ್ಲೂಬೆರಿ ಗಿಡಗಳಿಗೆ ಮಾತ್ರ ಹಾಕುವಂತಿಲ್ಲ, ಅವಕ್ಕೆ ಹುಳಿ ಮಣ್ಣೇ ಬೇಕು.

ನಾಳೆ ಮಳೆ ಬರದಿದ್ದರೆ ಕೆಂಪು ಓಕ್ ಸೀಳಬೇಕು. ಅದು ಸೀಳಿದ ಮೇಲೂ ಎರಡು ಬೇಸಿಗೆ ಕೇಳುವ ಮರ, ಕೆಲವೊಮ್ಮೆ ಮೂರು. ಆದ್ದರಿಂದ ಉಳಿದವುಗಳ ಜೊತೆ ಬೆರೆಸದೆ, ತೆಳುವಾಗಿ ಸೀಳಿ, ಬೇಲಿಯ ಪಕ್ಕದಲ್ಲಿ ಬೇರೆಯೇ ಸಾಲು ಮಾಡಿ 2027 ಎಂದು ಬರೆದ ಹಲಗೆ ತೂಗುಹಾಕುತ್ತೇನೆ. ಅಲ್ಲಿ ಜಾಗ ಸಾಲದಿದ್ದರೆ ಓಕನ್ನು ಪಕ್ಕದ ಮನೆಯ ಹಿರಿಯರಿಗೆ ಕೊಟ್ಟು, ಅವರ ಬಳಿ ಹೋದ ವರ್ಷ ಸೀಳಿಟ್ಟಿರುವ ಆಶ್ ತೆಗೆದುಕೊಳ್ಳುವ ಮಾತಾಗಿದೆ. ಅವರು ನನಗಿಂತ ಒಂದು ವರ್ಷ ಮುಂದಿದ್ದಾರೆ, ಅವರಿಗೆ ಅವಸರವಿಲ್ಲ.